ಅಣಬೆ ಚೀಲ ಹಸಿರಾಯಿತು, ಏನು ಮಾಡಲಿ?

ಪ್ರಶ್ನೆ: ಸ್ಟೋರ್ ರೂಮಿನಲ್ಲಿ ಚಿಪ್ಪು ಅಣಬೆಗೆ ಅಂತ ಭತ್ತದ ಹುಲ್ಲಿನ ಮೂರು ಚೀಲ ಕಟ್ಟಿದ್ದೆ. ವಾರದ ತನಕ ಬೆಳ್ಳಗೆ ಚೆನ್ನಾಗಿ ಹಬ್ಬಿತು, ಆಮೇಲೆ ಎರಡು ಚೀಲದಲ್ಲಿ ಹಸಿರು ಮಚ್ಚೆ ಬಂದಿದೆ. ಹುಲ್ಲನ್ನು ಬಿಸಿನೀರಲ್ಲಿ ಅದ್ದಿಯೇ ತುಂಬಿದ್ದೆ. ಗಿಡದ ಗೊಬ್ಬರವೂ ಅದೇ ಕೋಣೆಯಲ್ಲಿದೆ. – ಮೈಸೂರಿನ ಓದುಗರು

ಉತ್ತರ: ನಿಮ್ಮ ಗೊಬ್ಬರದ ಚೀಲಗಳ ಮಧ್ಯೆ ಟ್ರೈಕೋಡರ್ಮಾ ಪುಡಿಯ ಪೊಟ್ಟಣ ಇದೆಯಾ, ಮೊದಲು ನೋಡಿ. ಬದನೆ, ಟೊಮೆಟೊ ಬೇರು ಕೊಳೆಯದಿರಲಿ ಅಂತ ನಾವೇ ದುಡ್ಡು ಕೊಟ್ಟು ತಂದು ಮಣ್ಣಿಗೆ ಬೆರೆಸುವ ಆ ಶಿಲೀಂಧ್ರದ ಜಾತಿಯದೇ ಸಾಮಾನ್ಯವಾಗಿ ಅಣಬೆ ಚೀಲದ ಹಸಿರು ಬೂಷ್ಟು. ಕುಂಡದಲ್ಲಿ ನೆಂಟ, ಚೀಲದಲ್ಲಿ ಕಳ್ಳ! ಪೊಟ್ಟಣ ಇಲ್ಲದಿದ್ದರೂ ಗೊಬ್ಬರ, ಹಿಂಡಿ ಇರುವ ಕಡೆ ಅಣಬೆ ಬೇಡ.

ಆದರೆ ತಪ್ಪು ಅದೊಂದೇ ಅಲ್ಲ ಅನ್ನಿಸುತ್ತದೆ. ಬಿಸಿನೀರಲ್ಲಿ ಅದ್ದಿ ತೆಗೆದರೆ ಸಾಲದು. ಹುಲ್ಲನ್ನು ಎರಡು ಇಂಚಿನ ತುಂಡು ಮಾಡಿ, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ಸುಮಾರು 80 ಡಿಗ್ರಿ ಬಿಸಿಯ ನೀರಲ್ಲಿ ಒಂದು ಗಂಟೆಯಾದರೂ ಮುಳುಗಿಸಿಡಬೇಕು, ಆಗಲೇ ಹುಲ್ಲಿನಲ್ಲಿರುವ ಬೇಡದ ಬೂಷ್ಟು ಸಾಯುವುದು. ಆಮೇಲೆ ಶುದ್ಧ ಬಟ್ಟೆಯ ಮೇಲೆ ಹರಡಿ ಆರಿಸಿ. ಒಂದು ಹಿಡಿ ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹೆಚ್ಚಿನವರು ಸೋಲುವುದು ಇಲ್ಲೇ, ಅವಸರಕ್ಕೆ ಒದ್ದೆ ಹುಲ್ಲನ್ನೇ ತುಂಬಿಬಿಡುತ್ತಾರೆ. ಒಂದು ಕೆಜಿ ಒಣ ಹುಲ್ಲಿಗೆ 100 ಗ್ರಾಂ ಅಣಬೆ ಬೀಜ ಸಾಕು, ಹೊಸದಾಗಿರಬೇಕು ಅಷ್ಟೇ. ಬೆಂಗಳೂರಿಗೆ ಹೋಗುವುದಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ.

ಹಸಿರಾದ ಚೀಲಗಳನ್ನು ಮನೆಯೊಳಗೆ ಬಿಚ್ಚಬೇಡಿ. ಹಾಗೇ ಹೊರಗೆ ಒಯ್ದು ಕಾಂಪೋಸ್ಟ್ ಗುಂಡಿಗೆ ಹಾಕಿ, ಅಲ್ಲಿ ಅದು ಮತ್ತೆ ನೆಂಟ. ಮೂರನೆಯದು ಪೂರ್ತಿ ಬೆಳ್ಳಗಾದ ಮೇಲೆ ಗಾಳಿ, ಸ್ವಲ್ಪ ಬೆಳಕು ಇರುವ ಜಾಗಕ್ಕೆ ತನ್ನಿ. ಗಾಳಿಯಾಡದಿದ್ದರೆ ಕಾಂಡ ಉದ್ದ, ಕೊಡೆ ಚಿಕ್ಕದು.

ಪ್ರಶ್ನೆ: ಮಗಳು ಬ್ಲೂಬೆರಿ ಗಿಡ ಬೇಕೆಂದು ಹಠ ಹಿಡಿದಿದ್ದಾಳೆ. ತಾರಸಿಯಲ್ಲಿ ಬರುತ್ತದಾ? – ಬೆಂಗಳೂರಿನ ಓದುಗರು

ಉತ್ತರ: ಹುಳಿ ಮಣ್ಣು ಬೇಕು ಅದಕ್ಕೆ, ಪಿಎಚ್ 4.5ರಿಂದ 5.5. ನಮ್ಮ ಬೋರ್‌ವೆಲ್ ನೀರು ಹಾಕಿಕೊಂಡು ಆ ಹುಳಿ ಉಳಿಸುವುದು ದೊಡ್ಡ ತಲೆನೋವು. ಸುಮ್ನೆ ಹಿಪ್ಪುನೇರಳೆ ಹಾಕಿ ಅಂತೀನಿ. ಕಡ್ಡಿ ನೆಟ್ಟರೆ ಚಿಗುರುತ್ತದೆ. ಆದರೆ ಕಡ್ಡಿಯನ್ನು ನೀವು ಹಣ್ಣು ಕಂಡ ಗಿಡದಿಂದಲೇ ತನ್ನಿ, ಯಾಕೆಂದರೆ ಇದರಲ್ಲಿ ಗಂಡು ಗಿಡಗಳೂ ಇರುತ್ತವೆ, ರೇಷ್ಮೆ ತೋಟದವರು ಆರಿಸುವುದು ಸೊಪ್ಪಿಗೆ, ಹಣ್ಣಿಗಲ್ಲ. ದೊಡ್ಡ ಕುಂಡ ಕೊಡಿ. ಹಣ್ಣು ಮುಗಿದ ಮೇಲೆ ಕೊಂಬೆ ಸವರಿ ಎಲೆ ಕಿತ್ತರೆ ಹೊಸ ಚಿಗುರಿನ ಜೊತೆಗೇ ಮತ್ತೆ ಕಾಯಿ. ಬಟ್ಟೆ ಒಣಹಾಕುವ ಹಗ್ಗದಿಂದ ಮಾತ್ರ ದೂರ ಇಡಿ, ಕಲೆ ಹೋಗಲ್ಲ.

ಪ್ರಶ್ನೆ: ಹೀರೆ ಬಳ್ಳಿಯಲ್ಲಿ ಮಿಡಿ ಬಂದು ಹಳದಿಯಾಗಿ ಉದುರುತ್ತಿದೆ. – ತುಮಕೂರಿನ ಓದುಗರು

ಉತ್ತರ: ಪರಾಗ ಸಿಕ್ಕಿರಲಿಕ್ಕಿಲ್ಲ. ಹೀರೆ ಹೂ ಅರಳುವುದೇ ಸಂಜೆ, ಬೆಳಿಗ್ಗೆ ನೀರು ಹಾಕಲು ಹೋದಾಗ ಹೊತ್ತು ಮೀರಿರುತ್ತದೆ. ಸಂಜೆ ಆರರ ಹೊತ್ತಿಗೆ ಗಂಡು ಹೂ ಕಿತ್ತು, ಹಿಂದೆ ಪುಟ್ಟ ಕಾಯಿ ಇರುವ ಹೂವಿನ ನಡುವೆ ಮೆಲ್ಲಗೆ ಒರೆಸಿ. ಟಾರ್ಚ್ ಜೊತೆಗಿರಲಿ.