ಓದುಗರ ಪ್ರಶ್ನೆ: ಕೊಡಗಲ್ಲಿದ್ದುಕೊಂಡು ಇಂಟರ್‌ನ್ಯಾಷನಲ್ ರಿಲೇಷನ್ಸ್ ಪಿಎಚ್.ಡಿ. ಆಗುತ್ತಾ?

ಪ್ರಶ್ನೆ: ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ ಒಂದು ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿದೀನಿ, ವಯಸ್ಸು 28. ಇಂಟರ್‌ನ್ಯಾಷನಲ್ ರಿಲೇಷನ್ಸ್‌ನಲ್ಲಿ ಪಿಎಚ್.ಡಿ. ಮಾಡ್ಬೇಕು ಅಂತ ತುಂಬಾ ಆಸೆ. ಅದಕ್ಕೆ ಡೆಲ್ಲಿಗೇ ಹೋಗ್ಬೇಕು ಅಂತಾರೆ ಎಲ್ರೂ. ಅಪ್ಪ "ಅದನ್ನ ಓದಿ ಏನು ಮಾಡ್ತೀಯ, ತೋಟ ನೋಡ್ಕೊ" ಅಂತಾರೆ. ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ, ಬರೆಯೋಕೆ ಭಯ. ಏನು ಮಾಡ್ಲಿ?
– ಹೆಸರು ಬೇಡ, ಪೊನ್ನಂಪೇಟೆ

ಉತ್ತರ: ಮೊದ್ಲು ಅಪ್ಪನ ಮಾತಿಗೆ ಬರ್ತೀನಿ, ಅದು ಬರೀ ಬೈಗುಳ ಅಲ್ಲ, ಸರಿಯಾದ ಪ್ರಶ್ನೇನೇ. ಪರ್ಮನೆಂಟ್ ಲೆಕ್ಚರರ್ ಆಗೋದಷ್ಟೇ ನಿಮ್ಮ ಗುರಿ ಆಗಿದ್ರೆ ಪಿಎಚ್.ಡಿ.ಗೆ ಐದಾರು ವರ್ಷ ಹಾಕೋ ಅಗತ್ಯ ಇಲ್ಲ, ಯಾಕಂದ್ರೆ 2023ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮ ಬದಲಾಯ್ತು, ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ನಮ್ಮ ರಾಜ್ಯದ್ದು) ಪಾಸಾಗಿದ್ರೆ ಅರ್ಹತೆ ಬಂತು, ಪಿಎಚ್.ಡಿ. ಕಡ್ಡಾಯ ಅಲ್ಲ. ಮುಂದೆ ಅಸೋಸಿಯೇಟ್ ಪ್ರೊಫೆಸರ್ ಆಗ್ಬೇಕಾದ್ರೆ ಬೇಕೇ ಬೇಕು, ಅದು ಬೇರೆ ಮಾತು. ಆದ್ರೆ ಒಂದು ವಿಷಯ ತಲೆ ಕೊರೀತಾ ಇದೆ, ಅದನ್ನ ಬಿಡಿಸಿ ನೋಡ್ಲೇಬೇಕು ಅಂತ ಅನ್ನಿಸ್ತಿದ್ರೆ ಖಂಡಿತ ಮಾಡಿ, ಅಂಥವ್ರೇ ಕೊನೇವರೆಗೂ ನಿಲ್ಲೋದು.

ಈಗ ಅರ್ಹತೆ, ದುಡ್ಡಿನ ವಿಚಾರ. ಪಿಎಚ್.ಡಿ.ಗೆ ಎಂ.ಎ.ಲಿ 55% ಇರ್ಬೇಕು, ಮೀಸಲಾತಿ ಇದ್ರೆ 5% ರಿಯಾಯ್ತಿ. 2024ರ ಜೂನ್‌ನಿಂದ ನೆಟ್ ರಿಸಲ್ಟ್ ಮೂರು ಥರ ಬರುತ್ತೆ – ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ತಿಂಗಳು ತಿಂಗಳು ದುಡ್ಡು ಕೊಡೋ ಫೆಲೋಶಿಪ್), ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ, ಇಲ್ಲ ಬರೀ ಪಿಎಚ್.ಡಿ. ಪ್ರವೇಶ. ಜೆಆರ್‌ಎಫ್ ಸಿಕ್ಕಿದ್ರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ವಯಸ್ಸಿನ ಮಿತಿ 30 ಅಂತ ಗಾಬರಿ ಆಗ್ಬೇಡಿ, ಹೆಣ್ಮಕ್ಕಳಿಗೆ 5 ವರ್ಷ ಸಡಿಲಿಕೆ ಇದೆ. ನನ್ನ ಸಲಹೆ, ಜೆಆರ್‌ಎಫ್‌ಗೇ ಗುರಿ ಇಟ್ಟು ಒಂದೆರಡು ಸಲ ನೆಟ್ ಬರೀರಿ. ಸ್ಟೈಪೆಂಡ್ ಇಲ್ದೆ ಫುಲ್‌ಟೈಮ್ ಸೇರ್ಕೊಂಡು ಎರಡನೇ ವರ್ಷಕ್ಕೆ ಬಿಟ್ಟು ಬಂದ ಮಕ್ಕಳನ್ನ ಎಷ್ಟೋ ಜನ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಡೆಲ್ಲಿ ಅಂದ್ರಲ್ಲ. ಜೆಎನ್‌ಯುನ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ 1955ರಲ್ಲೇ ಬೇರೆ ಸಂಸ್ಥೆಯಾಗಿ ಶುರುವಾಗಿದ್ದು, ಈ ವಿಷಯಕ್ಕೆ ದೇಶದಲ್ಲೇ ದೊಡ್ಡ ಹೆಸರು, ಸಿಕ್ಕಿದ್ರೆ ಬಿಡ್ಬೇಡಿ. ಸಿಗ್ಲಿಲ್ಲ ಅಂದ್ರೆ ದಾರಿ ಮುಚ್ತು ಅಂತಲ್ಲ. ಘಟ್ಟ ಇಳಿದ್ರೆ ಕಾಸರಗೋಡಿನ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿ ಇಂಟರ್‌ನ್ಯಾಷನಲ್ ರಿಲೇಷನ್ಸ್‌ಗೇ ವಿಭಾಗ ಇದೆ, ನಮ್ಮವ್ರು ಯಾಕೋ ಅದನ್ನ ನೆನಪೇ ಮಾಡ್ಕೊಳ್ಳಲ್ಲ. ಮಣಿಪಾಲದಲ್ಲಿ ಜಿಯೋಪಾಲಿಟಿಕ್ಸ್ ವಿಭಾಗ, ಬೆಂಗಳೂರಲ್ಲಿ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್), ಮೈಸೂರು, ಕೊಣಾಜೆಯ ಯೂನಿವರ್ಸಿಟಿಗಳು ಇದ್ದೇ ಇವೆ.

ಆದ್ರೆ ಯೂನಿವರ್ಸಿಟಿಗಿಂತ ಮೊದ್ಲು ನೋಡ್ಬೇಕಾದ್ದು ಗೈಡ್, ಅಂದ್ರೆ ನಿಮ್ಮ ಸಂಶೋಧನೆಗೆ ಮಾರ್ಗದರ್ಶನ ಮಾಡೋ ಪ್ರೊಫೆಸರ್. ಶೋಧಗಂಗಾ ಅಂತ ವೆಬ್‌ಸೈಟ್ ಇದೆ, ದೇಶದ ಪಿಎಚ್.ಡಿ. ಪ್ರಬಂಧಗಳನ್ನ ಫ್ರೀಯಾಗಿ ಹಾಕಿರ್ತಾರೆ. ಅಲ್ಲಿ ಗೈಡ್ ಹೆಸರು ಹಾಕಿ, ಅವ್ರ ವಿದ್ಯಾರ್ಥಿಗಳ ಪ್ರಬಂಧ ಎರಡ್ಮೂರು ತೆಗೆದು ನೋಡಿ. ರಿಜಿಸ್ಟ್ರೇಷನ್ ಯಾವಾಗ ಆಯ್ತು, ಸಬ್ಮಿಟ್ ಯಾವಾಗ ಮಾಡಿದ್ರು ಅನ್ನೋದು ಸಿಕ್ಕಿದ್ರೆ ಅಲ್ಲೇ ಅರ್ಧ ಕಥೆ ಗೊತ್ತಾಗುತ್ತೆ. ಕೊನೆ ಅಧ್ಯಾಯ ಓದಿ, ಸ್ವಂತ ಮಾತು ಇದ್ಯಾ, ಇಲ್ಲ ಬೇರೆಯವ್ರು ಹೇಳಿದ್ದನ್ನೇ ಜೋಡಿಸಿದಾರಾ ಅಂತ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ ಆ ಮನುಷ್ಯರ ಜೊತೆ ಕೆಲಸ ಮಾಡ್ಬೇಕು ನೀವು, ಸುಮ್ನೆ ಅಲ್ಲ.

ಇನ್ನು ಟಾಪಿಕ್. ಇಂಟರ್‌ವ್ಯೂಗೆ ಬರೋರು ಮುಕ್ಕಾಲು ಪಾಲು "ಭಾರತ–ಚೀನಾ ಸಂಬಂಧ" ಅಂತ ಹೇಳ್ತಾರೆ, ಯಾವ ವರ್ಷ, ಯಾವ ವಿಷಯ, ಯಾವ ದಾಖಲೆ ಅಂತ ಕೇಳಿದ್ರೆ ಮಾತು ನಿಂತು ಹೋಗುತ್ತೆ. ನೀವು ನಿಮ್ಮ ತೋಟದಿಂದ್ಲೇ ಶುರು ಮಾಡಿ, ಇದನ್ನ ನಾನು ಮನಸಾರೆ ಹೇಳ್ತಿರೋದು. ಕಾಫಿ ಅಂದ್ರೆ ಪೂರ್ತಿ ಅಂತಾರಾಷ್ಟ್ರೀಯ ರಾಜಕೀಯ. 1962ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಆಯ್ತು, ಯಾವ ದೇಶ ಎಷ್ಟು ರಫ್ತು ಮಾಡ್ಬೇಕು ಅಂತ ಕೋಟಾ ಬಂತು, 1989ರ ಜುಲೈನಲ್ಲಿ ಆ ಕೋಟಾ ವ್ಯವಸ್ಥೆ ಮುರಿದುಬಿತ್ತು, ಬೆಲೆ ಕುಸೀತು, ಆಮೇಲೆ ನಮ್ಮ ಕಾಫಿ ಕೊಳ್ತಿದ್ದ ಸೋವಿಯತ್ ಒಕ್ಕೂಟಾನೇ ಇಲ್ದಂಗಾಯ್ತು, 1990ರ ದಶಕದಲ್ಲಿ ಕಾಫಿ ಬೋರ್ಡಿನ ಪೂಲಿಂಗ್, ಅಂದ್ರೆ ಬೆಳೆಗಾರರ ಕಾಫೀನ ಬೋರ್ಡೇ ಒಟ್ಟುಮಾಡಿ ಮಾರೋ ಪದ್ಧತಿ, ಹಂತಹಂತವಾಗಿ ಹೋಯ್ತು. ಪೂಲ್‌ಗೆ ಕಾಫಿ ಕೊಟ್ಟು ಕಂತುಕಂತಾಗಿ ದುಡ್ಡು ತಗೊಂಡ ಬೆಳೆಗಾರರು ನಿಮ್ಮೂರಲ್ಲಿ ಇನ್ನೂ ಇದಾರೆ, ಅವ್ರನ್ನ ಮಾತಾಡಿಸ್ಬಹುದು. ಈಗ ಯುರೋಪಿಯನ್ ಯೂನಿಯನ್ 2023ರಲ್ಲಿ ಹೊಸ ಕಾನೂನು ತಂದಿದೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗೋ ಹಾಗಿಲ್ಲ, ತೋಟ ಎಲ್ಲಿದೆ ಅಂತ ಅಕ್ಷಾಂಶ ರೇಖಾಂಶ ಕೊಡ್ಬೇಕು, 4 ಹೆಕ್ಟೇರ್‌ಗಿಂತ ದೊಡ್ಡದಾದ್ರೆ ಸುತ್ತಳತೆ ಪೂರ್ತಿ ಗುರುತು ಮಾಡ್ಬೇಕು. ಜಾರಿ ಮುಂದಕ್ಕೆ ಹಾಕಿದಾರೆ, ಆದ್ರೂ ಮರದ ನೆರಳಲ್ಲೇ ಕಾಫಿ ಬೆಳೆಯೋ ಕೊಡಗಿಗೆ ಬ್ರಸೆಲ್ಸ್‌ನಲ್ಲಿ ಕೂತು ಮಾಡಿದ ನಿಯಮ ಹೇಗೆ ಅನ್ವಯ ಆಗುತ್ತೆ, ಇದರಲ್ಲಿ ಸಣ್ಣ ಬೆಳೆಗಾರರ ಮಾತನ್ನ ಯಾರು ಆಡ್ತಾರೆ, ಇದು ಚೊಕ್ಕ ಪಿಎಚ್.ಡಿ. ಪ್ರಶ್ನೆ. ಡೆಲ್ಲಿಯ ವಿದ್ಯಾರ್ಥಿಗೆ ಇಲ್ಲದ ಅನುಕೂಲ ನಿಮಗಿದೆ.

ಬೇಡ ಅಂದ್ರೆ ಕುಶಾಲನಗರ ದಾಟಿದ್ರೆ ಬೈಲಕುಪ್ಪೆ. 1961ರಿಂದ ಟಿಬೆಟಿಯನ್ನರು ಅಲ್ಲಿದಾರೆ, ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿನೇ ಹಾಕಿಲ್ಲ, ಹಾಗಿದ್ರೂ ರಾಜ್ಯ ಸರ್ಕಾರ ಜಮೀನು ಕೊಡ್ತು. ಅದ್ರಲ್ಲೂ ಕೆಲಸ ಇದೆ.

ಇಂಗ್ಲಿಷ್ ಭಯಕ್ಕೆ ಒಂದೇ ಔಷಧಿ, ವಾರಕ್ಕೊಂದು ಜರ್ನಲ್ ಲೇಖನ ಓದಿ, ಅದ್ರ ಸಾರ ಒಂದು ಪುಟ ನೀವೇ ಇಂಗ್ಲಿಷಲ್ಲಿ ಬರೀರಿ, ಇಂಗ್ಲಿಷ್ ಲೆಕ್ಚರರ್ ಕೈಲಿ ತಿದ್ದಿಸಿ. ಯೋಚನೆ ಕನ್ನಡದಲ್ಲಿ ಮಾಡಿದ್ರೆ ತಪ್ಪೇನಿಲ್ಲ. ಕೆಲಸ ಬಿಡೋಕಾಗಲ್ಲ ಅಂದ್ರೆ ಪಾರ್ಟ್‌ಟೈಮ್‌ಗೂ ಅವಕಾಶ ಇದೆ, ಕಾಲೇಜಿಂದ ಎನ್‌ಒಸಿ ಬೇಕು. ಮದುವೆ, ಮಗು ಅಂತ ಮನೇಲಿ ಮಾತು ಬಂದ್ರೆ ಇದನ್ನೂ ಹೇಳಿ, ಹೆರಿಗೆಗೆ 240 ದಿನದವರೆಗೆ ರಜೆ ಇದೆ, ಹೆಣ್ಮಕ್ಕಳಿಗೆ ಮುಗಿಸೋಕೆ 2 ವರ್ಷ ಹೆಚ್ಚಿಗೆ ಸಿಗುತ್ತೆ.

ಪ್ರಶ್ನೆ: ಸೇನೆಯಿಂದ ನಿವೃತ್ತಿ ಆಗಿದೀನಿ, ವಯಸ್ಸು 47. ಆಮೇಲೆ ರಾಜ್ಯಶಾಸ್ತ್ರ ಎಂ.ಎ. ಮಾಡ್ದೆ. ವಿಶ್ವಸಂಸ್ಥೆಯ ಶಾಂತಿಪಾಲನೆ ಬಗ್ಗೆ ಪಿಎಚ್.ಡಿ. ಮಾಡೋಕೆ ವಯಸ್ಸು ಮೀರಿತಾ?
– ಮಾಜಿ ಸೈನಿಕ, ಸೋಮವಾರಪೇಟೆ

ಉತ್ತರ: ಮೀರಿಲ್ಲ ಸರ್. ವಯಸ್ಸಿನ ಮಿತಿ ಇರೋದು ಜೆಆರ್‌ಎಫ್‌ಗೆ, ಪಿಎಚ್.ಡಿ.ಗಲ್ಲ. ನಿಮ್ಮ ಎಂ.ಎ. ದೂರಶಿಕ್ಷಣದ್ದಾದ್ರೆ ಆ ವರ್ಷ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇತ್ತಾ ಅಂತ ಮೊದ್ಲು ನೋಡ್ಕೊಳ್ಳಿ. ವಿಷಯ ಅಂತೂ ಕೊಡಗಿನ ಮನೆಮಾತು. ಜನರಲ್ ತಿಮ್ಮಯ್ಯ 1953ರಲ್ಲಿ ಕೊರಿಯಾ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿದ್ರು, ಊರಿಗೆ ವಾಪಸ್ ಹೋಗಲ್ಲ ಅಂದ ಸಾವಿರಾರು ಕೈದಿಗಳ ಹೊಣೆ ಭಾರತದ ಮೇಲಿತ್ತು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆಗಿದ್ದಾಗ್ಲೇ, 1965ರಲ್ಲಿ ತೀರ್ಕೊಂಡ್ರು. ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂ ನೀವು ನೋಡೇ ಇರ್ತೀರಿ, ಆದ್ರೆ ಪ್ರಬಂಧಕ್ಕೆ ಡೆಲ್ಲಿಯ ನ್ಯಾಷನಲ್ ಆರ್ಕೈವ್ಸ್ ಕಡತ ಬೇಕಾಗುತ್ತೆ. ನಿಮ್ಮ ಸರ್ವಿಸಿನ ಗೌಪ್ಯ ಮಾಹಿತಿ ಬಳಸ್ಬೇಡಿ, ಸಾರ್ವಜನಿಕವಾಗಿ ಸಿಗೋ ದಾಖಲೆ ಮತ್ತೆ ಸಂದರ್ಶನ ಸಾಕು. ಶಾಂತಿಪಡೆಯಲ್ಲಿ ಕೆಲಸ ಮಾಡಿ ಬಂದ ಹಿರಿಯ ಸೈನಿಕರು ನಮ್ಮ ಜಿಲ್ಲೆಯಲ್ಲಿ ಈಗ್ಲೂ ಇದಾರೆ, ಅವ್ರಿಗೂ ವಯಸ್ಸಾಗ್ತಿದೆ, ಹಾಗಾಗಿ ಅಡ್ಮಿಷನ್‌ಗೆ ಕಾಯ್ದೆ ಅವ್ರ ಒಪ್ಪಿಗೆ ತಗೊಂಡು ಮಾತು ರೆಕಾರ್ಡ್ ಮಾಡೋ ಕೆಲಸ ಈ ತಿಂಗಳೇ ಶುರು ಮಾಡಿ.