ಆ ಪಟ್ಟಿಯಲ್ಲಿ ಒಂದು ಕಾಲಂ ಇರಲಿಲ್ಲ

(ದಂಪತಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ ರಾತ್ರಿ ಒಂಬತ್ತು, ನನಗೆ ಬೆಳಿಗ್ಗೆ ಏಳೂವರೆ. ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಕನ್ನಡದ ಗಂಡ ಹೆಂಡತಿ, ಜನವರಿಯಲ್ಲಿ ಆಪ್ತಸಲಹೆಗಾಗಿ ನನಗೆ ವಿಡಿಯೋ ಕರೆಯಲ್ಲಿ ಸಿಕ್ಕರು. ಇಬ್ಬರೂ ಕೆಲಸಕ್ಕೆ ಹೋಗುವವರು. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮಾರ್ಚ್‌ನಲ್ಲಿ ಗಂಡನ ಅಪ್ಪ ಅಮ್ಮ ಊರಿನಿಂದ ಬರುವವರಿದ್ದರು. ಏಪ್ರಿಲ್‌ನಲ್ಲಿ ಆರೂ ಜನ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗುವುದೆಂದು ತೀರ್ಮಾನವಾಗಿತ್ತು. ಹೇಗೆ ಬುಕ್ ಮಾಡುವುದು ಎನ್ನುವಲ್ಲಿ ಜಗಳ ಬಂದು, ಮೂರು ವಾರದಿಂದ ಇಬ್ಬರಿಗೂ ಮಾತಿಲ್ಲ.

"ಇಷ್ಟು ಸಣ್ಣ ವಿಷಯಕ್ಕೆ ನಿಮ್ಮ ಹತ್ರ ಬರೋಕೆ ನಾಚಿಕೆ ಆಗುತ್ತೆ ಮೇಡಂ" ಎಂದರು ಹೆಂಡತಿ. ನನಗೆ ಹಾಗನ್ನಿಸಲಿಲ್ಲ. ಸಣ್ಣ ವಿಷಯಕ್ಕೆ ಮೂರು ವಾರ ಯಾರೂ ಮಾತು ಬಿಡುವುದಿಲ್ಲ.

ಗಂಡ ತಮ್ಮ ಎಕ್ಸೆಲ್ ಶೀಟ್ ತೆರೆದು ತೋರಿಸಿದರು. ಮೂರು ದಾರಿ, ಮೂರು ಬಣ್ಣ. ಒಂದು, ಡಿಸ್ನಿಯದೇ ಹೋಟೆಲ್ ಮತ್ತು ಟಿಕೆಟ್ ಸೇರಿದ ಪ್ಯಾಕೇಜ್. ಎರಡು, ಪಕ್ಕದ ಕಿಸ್ಸಿಮ್ಮಿಯಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ, ಬಾಡಿಗೆ ಕಾರು. ಮೂರು, ಡಿಸ್ನಿಯ ಟೈಮ್‌ಶೇರ್ (ಮೊದಲೇ ಹಣ ಕಟ್ಟಿ, ವರ್ಷವರ್ಷವೂ ಉಳಿಯುವ ಹಕ್ಕನ್ನು ಪಾಯಿಂಟ್ ರೂಪದಲ್ಲಿ ಪಡೆಯುವ ಯೋಜನೆ) ಸದಸ್ಯರಿಂದ ಆ ಪಾಯಿಂಟ್‌ಗಳನ್ನು ಬಾಡಿಗೆಗೆ ಪಡೆದು ವಿಲ್ಲಾದಲ್ಲಿ ಉಳಿಯುವುದು. ಗಂಡನಿಗೆ ಎರಡನೆಯದೇ ಬೇಕು. ಖರ್ಚು ಕಡಿಮೆ, ಮೇಲಾಗಿ "ಅಪ್ಪ ಅಮ್ಮನಿಗೆ ಅನ್ನ ಸಾರು ಬೇಕಲ್ವಾ?" ಹೆಂಡತಿಗೆ ಟ್ರಾವೆಲ್ ಏಜೆಂಟ್ ಹತ್ತಿರ ಕೊಟ್ಟು ಕೈ ತೊಳೆದುಕೊಂಡರೆ ಸಾಕು. "ನಾನೇ ಮಾಡೋ ಕೆಲಸಕ್ಕೆ ಇನ್ನೊಬ್ಬರಿಗೆ ಯಾಕೆ ದುಡ್ಡು?" ಎನ್ನುವುದು ಗಂಡನ ಮಾತು.

ಶೀಟ್ ನಿಜಕ್ಕೂ ಚೆನ್ನಾಗಿತ್ತು. ದಿನದಿನದ ಪಾರ್ಕ್, ಊಟ, ಔಷಧಿ, ಮಗನ ಮಧ್ಯಾಹ್ನದ ನಿದ್ದೆ, ಎಲ್ಲ ಬರೆದಿದ್ದರು. ಅಷ್ಟು ಪ್ರೀತಿ ಇಲ್ಲದವರು ಹಾಗೆ ಬರೆಯುವುದಿಲ್ಲ. ನಾನು ಒಂದೇ ಒಂದು ಕೇಳಿದೆ: ಕೊನೆಯಲ್ಲಿ ಇನ್ನೊಂದು ಕಾಲಂ ಹಾಕಿ, ಮೇಲೆ 'ಯಾರು ಮಾಡ್ತಾರೆ' ಅಂತ ಬರೀರಿ, ಒಂದೊಂದೇ ಸಾಲು ತುಂಬಿ.

ವಿಮಾನದ ಟಿಕೆಟ್, ನಾನು. ಮನೆ ಬುಕಿಂಗ್, ನಾನು. ಪಾರ್ಕ್ ಟಿಕೆಟ್, ನಾನು. ಟಪಟಪ ಅಂತ ಟೈಪ್ ಮಾಡುತ್ತಾ ಹೋದರು. ಆಮೇಲೆ ಅಲ್ಲಿಗೆ ತಲುಪಿದ ಮೇಲಿನ ಸಾಲುಗಳು ಬಂದವು. ದಿನಸಿ ತರುವುದು. ಬೆಳಿಗ್ಗೆ ತಿಂಡಿ. ಬುತ್ತಿ ಕಟ್ಟುವುದು. ಅತ್ತೆಯ ಮಂಡಿಗೆ ಎಣ್ಣೆ, ಮಾವನ ಇನ್ಸುಲಿನ್. ರಾತ್ರಿ ಅಡುಗೆ. ಪಾತ್ರೆ. ಕೀಬೋರ್ಡ್ ಸದ್ದು ನಿಧಾನವಾಗಿ, ಪಾತ್ರೆಯ ಸಾಲಿಗೆ ಬಂದಾಗ ನಿಂತೇ ಹೋಯಿತು. ಅಷ್ಟೂ ಸಾಲಿನಲ್ಲಿ ಹೆಂಡತಿಯ ಹೆಸರೇ ಇತ್ತು.

ಆಗ ಆಕೆ ಹಿಂದಿನ ಪ್ರವಾಸದ ಕಥೆ ಹೇಳಿದರು. ಬೇರೊಂದು ಊರಿನಲ್ಲಿ ಹೀಗೇ ಒಂದು ಬಾಡಿಗೆ ಮನೆ, ಐದು ದಿನ. "ಎಲ್ಲರೂ ಸಮುದ್ರ ನೋಡಿದ್ರು ಮೇಡಂ. ನಾನು ಸಿಂಕ್ ನೋಡ್ದೆ." ಗಂಡ "ನೀನು ಆವತ್ತೇ ಹೇಳ್ಬಹುದಿತ್ತಲ್ಲ" ಎಂದರು. "ಅತ್ತೆ ಮಾವನ ಎದುರಿಗೆ ಹೇಗೆ ಹೇಳ್ಲಿ?" ಎಂದರು ಈಕೆ.

ಗಂಡನ ಕಡೆಯದೂ ಒಂದಿತ್ತು. ಅದು ಹೊರಗೆ ಬರಲು ಎರಡನೇ ಭೇಟಿಯವರೆಗೆ ಕಾಯಬೇಕಾಯಿತು. ಚಿಕ್ಕವರಿದ್ದಾಗ ಅವರಪ್ಪ ಒಂದೇ ಒಂದು ಸಲ ಮನೆಯವರನ್ನೆಲ್ಲ ದಸರಾಗೆ ಮೈಸೂರಿಗೆ ಕರೆದುಕೊಂಡು ಹೋಗಿದ್ದರಂತೆ. ಛತ್ರದಲ್ಲಿ ವಾಸ. ಜಂಬೂಸವಾರಿ ಕಾಣಲಿ ಅಂತ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಧ್ಯಾಹ್ನವೆಲ್ಲ ನಿಂತಿದ್ದರಂತೆ. "ಎಲ್ಲಾ ಅಪ್ಪನೇ ನೋಡ್ಕೊಂಡ್ರು. ಈಗ ನನ್ನ ಸರದಿ." ಹಾಗಾಗಿ ಏಜೆಂಟ್ ಎಂದರೆ ಅವರಿಗೆ ತನ್ನ ಕರ್ತವ್ಯವನ್ನು ಬೇರೆಯವರಿಗೆ ಒಪ್ಪಿಸಿದ ಹಾಗೆ. ಹೆಂಡತಿಗೆ ಇದು ಗೊತ್ತೇ ಇರಲಿಲ್ಲ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಇಷ್ಟಾದರೂ ಹಿರಿಯರಿಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ಕೇಳಿದರೆ 'ನಿಮ್ಮಿಷ್ಟ' ಅಂತಾರೆ ಎಂದರು ಗಂಡ. ಹೌದು, ನಮ್ಮ ಹಿರಿಯರು ಹಾಗೇ ಅನ್ನುತ್ತಾರೆ. ಅದಕ್ಕೇ 'ಏನು ಬೇಕು' ಅಂತ ಕೇಳಬಾರದು. 'ಎರಡು ದಿನ ಸುತ್ತೋದಾ, ನಾಲ್ಕು ದಿನಾನಾ? ಒಂದು ಹೊತ್ತು ಹೋಟೆಲ್ ಊಟ ಆಗುತ್ತಾ?' ಅಂತ ಕೇಳಬೇಕು. ಫೋನ್ ಮಾಡಿ ಕೇಳಿದರು. ಮಾವನಿಗೆ ರೈಡ್ ಯಾವುದೂ ಬೇಡ, ಮೊಮ್ಮಕ್ಕಳು ಕುಣಿಯೋದು ನೋಡಿದರೆ ಸಾಕು. ಅತ್ತೆಗೆ ಡಿಸ್ನಿಯ ಕೋಟೆ ಎದುರು ಒಂದು ಫೋಟೋ, ರಾತ್ರಿ ಸ್ವಲ್ಪ ಮೊಸರನ್ನ. ಜೊತೆಗೆ ಸೊಸೆಗೆ ಒಂದು ಮಾತು: "ಈ ಸಲ ನೀನೂ ಕೂತ್ಕೊಳೇ ಸ್ವಲ್ಪ. ಹೋದ ಸಲ ನೋಡ್ತಾನೇ ಇದ್ದೆ."

ಇನ್ನು ನಾನು ಕೊಟ್ಟ ಸಲಹೆ. ನಾನು ಟ್ರಾವೆಲ್ ಏಜೆಂಟ್ ಅಲ್ಲ. ಆದರೆ ಮಗಳ ಮನೆ ಆ ದೇಶದಲ್ಲೇ ಇರುವುದರಿಂದ ಒಮ್ಮೆ ಅಲ್ಲಿಗೆ ಹೋಗಿ ಬಂದಿದ್ದೇನೆ. ನನ್ನ ಮಂಡಿಗೂ ಆ ಜಾಗ ಚೆನ್ನಾಗಿ ನೆನಪಿದೆ.

ಮೊದಲನೆಯದು, ಏಜೆಂಟ್ ದುಡ್ಡಿನ ವಿಷಯ. ಡಿಸ್ನಿ ಬುಕಿಂಗ್ ಮಾಡುವ ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಕೊಡುವುದು ಡಿಸ್ನಿಯೇ. ನೀವೇ ಮಾಡಿದರೂ ಅವರು ಮಾಡಿದರೂ ಪ್ಯಾಕೇಜಿನ ಬೆಲೆ ಒಂದೇ. ಕೆಲವರು ಬೇರೆ ಶುಲ್ಕ ಹಾಕುತ್ತಾರೆ, ಮೊದಲೇ ಕೇಳಿ. ಅಂದರೆ ಗಂಡ ಮೂರು ವಾರ ಹಿಡಿದು ಕೂತ ವಾದಕ್ಕೆ ಬುಡವೇ ಇರಲಿಲ್ಲ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತದಾ? ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ ಬೇರೆ. ಹೊರಡುವ ಹೊತ್ತಿಗೆ ಏನು ಬೇಕಾದರೂ ಆಗಬಹುದು. ಪಾಯಿಂಟ್ ಬಾಡಿಗೆಗೆ ಪಡೆದರೆ ಖರ್ಚು ಕಡಿಮೆ, ವಿಲ್ಲಾ ಚಂದ, ಆದರೆ ಸಾಮಾನ್ಯವಾಗಿ ಕಟ್ಟಿದ ಹಣ ವಾಪಸ್ ಇಲ್ಲ. ಅವರು ನೋಡಿದ ಪ್ಯಾಕೇಜ್‌ಗೆ 200 ಡಾಲರ್ ಮುಂಗಡ, 30 ದಿನ ಮೊದಲೇ ರದ್ದು ಮಾಡಿದರೆ ಹಣ ವಾಪಸ್. ಆ ಕೊನೆಯ ದಿನಾಂಕವನ್ನು ಫ್ರಿಜ್ ಮೇಲೆ ಅಂಟಿಸಿ ಎಂದೆ. ಹಿರಿಯರಿಗೆ ಪ್ರವಾಸದ ವಿಮೆ ಬೇರೆ ಮಾಡಿಸಲೇಬೇಕು.

ಮೂರನೆಯದು ನಡಿಗೆ. ಹೊರಗಿನಿಂದ ಕಾರಿನಲ್ಲಿ ಡಿಸ್ನಿ ವರ್ಲ್ಡ್‌ನ ಪಾರ್ಕ್‌ಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋದರೆ ಕಾರು ನಿಲ್ಲಿಸಿದಲ್ಲಿ ಪಾರ್ಕ್ ಇರುವುದಿಲ್ಲ. ಅಲ್ಲಿಂದ ಮೋನೋರೈಲ್ ಹಿಡಿಯಬೇಕು, ಇಲ್ಲವೇ ದೋಣಿಯಲ್ಲಿ ಕೆರೆ ದಾಟಬೇಕು. ರಾತ್ರಿ ಪಟಾಕಿ ಮುಗಿದ ಮೇಲೆ, ನಿದ್ದೆಗಣ್ಣಿನ ಮಗು ಹೆಗಲ ಮೇಲೆ, ನೋಯುವ ಮಂಡಿ ಪಕ್ಕದಲ್ಲಿ. ಡಿಸ್ನಿ ಹೋಟೆಲ್‌ಗಳ ಬಸ್ ಗೇಟಿನ ಹತ್ತಿರವೇ ಬಂದು ನಿಲ್ಲುತ್ತದೆ. ಬಾಡಿಗೆ ಮನೆಯಲ್ಲಿ ಉಳಿಸಿದ ದುಡ್ಡು ಇಲ್ಲಿ ಮಂಡಿಯಿಂದ ವಸೂಲಾಗುತ್ತದೆ. ಪಾರ್ಕಿನಲ್ಲಿ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ. "ನನ್ನ ಮೆರವಣಿಗೆ ಮಾಡ್ಬೇಡಿ" ಎಂದರಂತೆ ಮಾವ. ಒತ್ತಾಯ ಬೇಡ, ಅತ್ತೆಗೆ ಅಂತ ತೆಗೆದುಕೊಳ್ಳಿ, ಸುಸ್ತಾದಾಗ ಅವರೇ ಕೂರುತ್ತಾರೆ ಎಂದೆ.

ಆರು ಜನಕ್ಕೂ ನಾಲ್ಕು ದಿನದ ಟಿಕೆಟ್ ಅಂತ ಶೀಟ್‌ನಲ್ಲಿತ್ತು. ಯಾಕೆ? ಹಿರಿಯರ ಕೋಣೆ ಬೇರೆ ಬುಕಿಂಗ್ ಮಾಡಿ, ಅವರಿಗೆ ಎರಡೇ ದಿನದ ಟಿಕೆಟ್ ಸಾಕು. ಇನ್ನೊಂದು, ಹತ್ತು ತುಂಬಿದ ಮಕ್ಕಳಿಗೆ ಅಲ್ಲಿ ದೊಡ್ಡವರ ಟಿಕೆಟ್. ಮಗಳಿಗೆ ಇನ್ನೂ ಒಂಬತ್ತು, ಬಚಾವ್.

ಊಟದ ಬಗ್ಗೆ ಗಂಡನಿಗೆ ಭಯ ಜಾಸ್ತಿ. ಪಾರ್ಕಿನೊಳಗೆ ಮನೆ ತಿಂಡಿ ತೆಗೆದುಕೊಂಡು ಹೋಗಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ಹಚ್ಚಿದ ಅವಲಕ್ಕಿಗೆ ಯಾರೂ ತಕರಾರು ಮಾಡುವುದಿಲ್ಲ. ಡಿಸ್ನಿಯದೇ ವಸತಿ ಹೋಟೆಲ್ ಆನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿರುವ ಸನಾ ಎಂಬ ರೆಸ್ಟೋರೆಂಟಿನಲ್ಲಿ ನಾನ್, ಚಟ್ನಿ ಸಿಗುತ್ತದೆ, ಕಿಟಕಿಯಾಚೆ ಜಿರಾಫೆ. ಇಂಥ ಕಡೆ 60 ದಿನ ಮೊದಲೇ ಟೇಬಲ್ ಕಾಯ್ದಿರಿಸಬಹುದು. ಪಕ್ಕದ ಆರ್ಲ್ಯಾಂಡೋ ನಗರದಲ್ಲಿ ನಮ್ಮ ದಿನಸಿ ಅಂಗಡಿಗಳೂ ಇವೆ, ಮೊಸರಿಗೆ ಬರವಿಲ್ಲ.

ಹಾಗಂತ ಗಂಡನ ಕೈಯಿಂದ ಎಲ್ಲ ಕಿತ್ತುಕೊಳ್ಳುವುದು ನನಗೆ ಇಷ್ಟವಿರಲಿಲ್ಲ. ಹೋಟೆಲ್, ಟಿಕೆಟ್ ಏಜೆಂಟಿಗೆ. ಉದ್ದದ ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಗಂಡನಿಗೆ. ಡಿಸ್ನಿ ಹೋಟೆಲಿನಲ್ಲಿ ಉಳಿಯುವವರು ಅದನ್ನು ಏಳು ದಿನ ಮೊದಲೇ ಬುಕ್ ಮಾಡಬಹುದು. ಕೇಳಿ ಅವರ ಮುಖ ಅರಳಿತು. ದೊಡ್ಡ ರೈಡ್‌ಗಳಲ್ಲಿ ಒಬ್ಬರು ಮಗನ ಜೊತೆ ನಿಂತು, ಆಮೇಲೆ ಮತ್ತೆ ಸಾಲು ನಿಲ್ಲದೆ ಇನ್ನೊಬ್ಬರು ಹೋಗುವ ವ್ಯವಸ್ಥೆ ಇದೆ. ಸ್ಪೇಸ್ ಮೌಂಟನ್ ಎಂಬ ರೈಡ್‌ಗೆ 44 ಇಂಚು ಎತ್ತರ ಬೇಕು, ಮಗನಿಗೆ ಆಗುವುದಿಲ್ಲ. ಅಲ್ಲಿ ಮೊದಲು ಹತ್ತುವವರು ಹೆಂಡತಿ ಎಂದು ಶೀಟ್‌ನಲ್ಲೇ ಬರೆಸಿದೆ. ಮಧ್ಯೆ ಒಂದು ದಿನ ಪಾರ್ಕೇ ಇಲ್ಲ.

ಮೇ ತಿಂಗಳಲ್ಲಿ ಮತ್ತೆ ಮಾತಾಡಿದೆವು. ಎಲ್ಲ ಸಲೀಸಾಗಿ ಆಗಿರಲಿಲ್ಲ. ಎರಡನೇ ದಿನ ಮಾವನಿಗೆ ಶುಗರ್ ಇಳಿದು, ಮಧ್ಯಾಹ್ನವೇ ಎಲ್ಲರೂ ಕೋಣೆಗೆ ಮರಳಿದರು. ಬುಕ್ ಮಾಡಿದ್ದ ಎರಡು ರೈಡ್ ಹೋದವು. ಗಂಡ ರಾತ್ರಿವರೆಗೂ ಮುಖ ಊದಿಸಿಕೊಂಡಿದ್ದರಂತೆ. ಆಮೇಲೆ ತಾವೇ ಹೋಗಿ ಮೊಸರು ತಂದು, ಅನ್ನ ಕಲಸಿ ಎಲ್ಲರಿಗೂ ಬಡಿಸಿದರಂತೆ.

ಮುಂದಿನ ವರ್ಷ ಆಕೆಯ ಅಪ್ಪ ಅಮ್ಮ ಬರುತ್ತಾರೆ. ಗಂಡ ಆಗಲೇ ಹೊಸ ಶೀಟ್ ಶುರು ಮಾಡಿ, ಮೊದಲು ತಮ್ಮ ಮಾವನಿಗೆ ಫೋನ್ ಹಚ್ಚಿದ್ದಾರೆ. ಅವರು ಎಲ್ಲಾ ರೈಡೂ ಹತ್ತುತ್ತೇನೆ ಅಂದರಂತೆ.