ಮಳೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಜಾಸ್ತಿ

(ಬ್ಲಾಗು, ಬರವಣಿಗೆ, ವೆಬ್‌ಸೈಟು: ಓದುಗರು ಕೇಳಿದ್ದು, ಅಕ್ಕ ಹೇಳಿದ್ದು)

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ನಾಪೋಕ್ಲು ಕಡೆಯವಳು, ಮದುವೆಯಾಗಿ ಹತ್ತೊಂಬತ್ತು ವರ್ಷ, ಕಾಫಿ ತೋಟದ ಮನೆ. ಮಗಳು ಮೈಸೂರಲ್ಲಿ ಓದ್ತಿದ್ದಾಳೆ. ರಜೆಗೆ ಬಂದಾಗ ನನ್ನ ಫೋನಲ್ಲೇ ಒಂದು ಬ್ಲಾಗ್ ಮಾಡಿಕೊಟ್ಟು, "ಅವ್ವಾ, ದಿನಾ ಫೋನಲ್ಲಿ ನಂಗೆ ಹೇಳ್ತೀಯಲ್ಲ, ಅದನ್ನೇ ಇದ್ರಲ್ಲಿ ಬರಿ" ಅಂತ ಹೇಳಿ ಹೋದ್ಲು. ಎರಡು ತಿಂಗಳಾಯ್ತು. "ಇಂದು ಸುರಿದ ಮಳೆ ಮನಸ್ಸಿಗೆ ಮುದ ನೀಡಿತು" ಅಂತ ಒಂದು ಸಾಲು ಬರೆದೆ, ಅಲ್ಲಿಗೇ ನಿಂತಿದೆ. ನಮ್ಮನೇಲಿ ಬರೆಯೋ ಅಂಥದ್ದು ಏನು ನಡೆಯುತ್ತೆ? ಎದ್ರೆ ಒಲೆ, ಆಮೇಲೆ ಕೆಲಸದವರಿಗೆ ಕಾಫಿ, ಕಣ, ರಾತ್ರಿ ಊಟ. ಇದನ್ನ ಯಾರು ಓದ್ತಾರೆ?

ಉತ್ತರ: ನಿಮ್ಮನೇಲಿ ಮಳೆ ಲೆಕ್ಕದ ಪುಸ್ತಕ ಇದ್ಯಲ್ವಾ? ಬೆಳಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರನ್ನ ಅಳತೆ ಗ್ಲಾಸಿಗೆ ಹುಯ್ದು "ಎರಡು ಇಂಚು ನಲವತ್ತು ಸೆಂಟು" ಅಂತ ಡೈರೀಲಿ ಗುರುತು ಹಾಕ್ತಾರಲ್ಲ, ಅದು. ನಮ್ಮನೇಲಿ ಅಪ್ಪ ಬರೀತಿದ್ರು, ಅವರಿಗಿಂತ ಮುಂಚೆ ಅಜ್ಜ ಬರೀತಿದ್ರು, ಇದನ್ನ ಯಾರು ಓದ್ತಾರೆ ಅಂತ ಇಬ್ಬರೂ ಯಾವತ್ತೂ ಕೇಳಿದವರಲ್ಲ. ಆದ್ರೆ ಮಾರ್ಚಲ್ಲಿ ಕಾಫಿ ಗಿಡಕ್ಕೆ ಹೂ ತರಿಸೋ ಹೂಮಳೆ ಒಂದು ವಾರ ತಡ ಆಗ್ಲಿ, ಮನೇಲಿದ್ದವರೆಲ್ಲ ಹೋಗಿ ತೆಗೆಯೋದು ಅದೇ ಪುಸ್ತಕವನ್ನ, ಹೋದ ವರ್ಷ ಯಾವತ್ತು ಬಿದ್ದಿತ್ತು, ಎಷ್ಟು ಬಿದ್ದಿತ್ತು, ಹೂ ಯಾವತ್ತು ಬಿಟ್ಟಿತ್ತು ಅಂತ.

ಬ್ಲಾಗ್ ಅನ್ನೋ ಹೆಸರು ಬಂದಿದ್ದೂ ಇಂಥದೇ ಪುಸ್ತಕದಿಂದ. ಎಷ್ಟು ದೂರ ಬಂದ್ವಿ, ಗಾಳಿ ಹೇಗಿತ್ತು ಅಂತ ಹಡಗಿನವರು ದಿನಾ ಬರೆದಿಡೋ ಪುಸ್ತಕಕ್ಕೆ ಲಾಗ್ ಅಂತಾರೆ. ಜಾರ್ನ್ ಬಾರ್ಗರ್ ಅನ್ನೋ ಅಮೆರಿಕದವರು 1997ರಲ್ಲಿ, ತಾನು ದಿನಾ ಇಂಟರ್ನೆಟ್ಟಲ್ಲಿ ಓದಿದ್ದನ್ನ ಗುರುತು ಮಾಡಿಡೋದಕ್ಕೆ ವೆಬ್‌ಲಾಗ್ ಅಂದ್ರು, 1999ರಲ್ಲಿ ಪೀಟರ್ ಮರ್‌ಹೋಲ್ಜ್ ಅನ್ನೋರು ಅದನ್ನ ಬೇರೆ ಥರ ಒಡೆದು "ವೀ ಬ್ಲಾಗ್" ಅಂತ ಬರೆದ್ರು, ಜನರ ಬಾಯಲ್ಲಿ ಬ್ಲಾಗ್ ಅಂತ ಉಳಿದಿದ್ದು ಅದು. ಅಂದ್ರೆ ನಮ್ಮಂಥ ತೋಟದ ಮನೇಲಿ ಇದು ಮುಂಚಿಂದಾನೂ ನಡೀತಾನೇ ಇದೆ, ನೀವು ಇಂಚು ಸೆಂಟಿನ ಪಕ್ಕ ಒಂದು ಸಾಲು ಜಾಸ್ತಿ ಬರೆದ್ರೆ ಆಯ್ತು.

ಆ ಸಾಲು "ಮುದ ನೀಡಿತು" ಅಂತ ಆಗಬಾರದು ಅಷ್ಟೇ. ಮಗಳ ಹತ್ರ ಫೋನಲ್ಲಿ ನೀವು ಹಾಗೆ ಮಾತಾಡ್ತೀರಾ? ಅವಳು ಗಾಬರಿಯಾಗ್ತಾಳೆ, ಅವ್ವಂಗೆ ಏನಾಯ್ತು ಅಂತ. ಅದು ಶಾಲೆ ಪ್ರಬಂಧದಿಂದ ಬಂದಿರೋ ಮಾತು, ನಮಗೆಲ್ಲಾ ಪೆನ್ನು ಹಿಡಿದ ತಕ್ಷಣ ಅದೇ ಬರೋದು, ನನಗೂ ಎಷ್ಟೋ ವರ್ಷ ಹಾಗೇ ಬರ್ತಿತ್ತು. ಜುಲೈಯಲ್ಲಿ ನಾನು ಬರೆದಿಟ್ಟ ನಾಲ್ಕು ಸಾಲು ಇಲ್ಲಿ ಹಾಕ್ತೀನಿ, ನೋಡಿ.

"ಕರೆಂಟ್ ಇಲ್ಲದೆ ಮೂರನೇ ದಿನ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಇವರ ಎರಡು ಪ್ಯಾಂಟ್ ಹಾಕಿದ್ದೆ, ಒಣಗೇನೋ ಒಣಗಿದೆ, ಆದ್ರೆ ಹೊಗೆ ವಾಸನೆ, ಅದನ್ನೇ ಹಾಕ್ಕೊಂಡು ಬ್ಯಾಂಕಿಗೆ ಹೋಗಿದ್ದಾರೆ. ತೋಟದಿಂದ ಬಂದವರು ಜಗಲೀಲಿ ಕೂತು ಕಾಲಿನ ಜಿಗಣೆಗೆ ಉಪ್ಪು ಹಾಕ್ತಿದ್ರು, ಒಂದು ಉದುರಿ ಬೆಕ್ಕಿನ ಕಡೆ ನಡೀತು, ಬೆಕ್ಕು ಎದ್ದು ಒಳಗೆ ಬಂದು ಒಲೆ ಪಕ್ಕ ಕೂತ್ಕೊಂಡ್ತು."

ಇದ್ರಲ್ಲಿ ಮಳೆ ಅನ್ನೋ ಪದವೇ ಇಲ್ಲ, ಆದ್ರೂ ಬೆಂಗಳೂರಲ್ಲಿರೋ ನಮ್ಮೂರಿನ ಒಬ್ಬರು ಓದಿ, ಅಕ್ಕಾ ಪ್ಯಾಂಟಿನ ಹೊಗೆ ವಾಸನೆ ಇಲ್ಲಿ ತನಕ ಬಂತು ಅಂತ ಬರೆದಿದ್ರು. ಹೊಗೆ, ಉಪ್ಪು, ಬೆಕ್ಕು, ಕಣ್ಣಿಗೆ ಕಂಡಿದ್ದು ಮೂಗಿಗೆ ಬಡಿದಿದ್ದು ಇಷ್ಟನ್ನೇ ಬರೀರಿ, ಸುಂದರ, ಅದ್ಭುತ, ರಮಣೀಯ ಇವನ್ನೆಲ್ಲ ಓದೋರು ತಾವೇ ಸೇರಿಸ್ಕೋತಾರೆ.

ಮಗಳ ಜೊತೆ ಮಾತಾಡಿ ಫೋನ್ ಇಟ್ಟ ಕೂಡ್ಲೆ ಐದು ನಿಮಿಷ ಕೂರಿ, ಅವಳು ಎಲ್ಲಿ ನಕ್ಕಳು, "ಆಮೇಲೆ?" ಅಂತ ಎಲ್ಲಿ ಕೇಳಿದ್ಲು, ಅದಷ್ಟನ್ನೇ ಬರೀರಿ. ಟೈಪ್ ಮಾಡೋಕೆ ಕೈ ಬರಲ್ಲ ಅಂದ್ರೆ ಫೋನಿನ ಕೀಬೋರ್ಡಲ್ಲಿ ಮೈಕ್ ಗುರುತು ಇರುತ್ತೆ, ಕನ್ನಡ ಆರಿಸಿಕೊಂಡು ಮಾತಾಡಿದ್ರೆ ಅದೇ ಬರ್ಕೊಳ್ಳುತ್ತೆ, ತಪ್ಪಾಗಿರೋದನ್ನ ಆಮೇಲೆ ತಿದ್ದಿ. ಮಳೆಗಾಲದಲ್ಲಿ ಮಾತ್ರ ನೇರ ಬ್ಲಾಗಲ್ಲೇ ಬರೆಯೋಕೆ ಹೋಗ್ಬೇಡಿ, ಟವರ್ ಹೋದ್ರೆ ಬರೆದಿದ್ದೂ ಹೋಗುತ್ತೆ, ಫೋನಿನ ನೋಟ್ಸಲ್ಲಿ ಬರೆದಿಟ್ಟು ಸಿಗ್ನಲ್ ಬಂದಾಗ ಹಾಕಿ.

ಇದು ಯಾಕೆ ಮುಖ್ಯ ಅಂತ ನಂಗೆ ಅನ್ಸೋದು 2018ರ ಆಗಸ್ಟ್ ಆದಮೇಲೆ. ಮಡಿಕೇರಿ ಸುತ್ತ ಗುಡ್ಡ ಕುಸಿದಾಗ ಮನೆ ಜೊತೆ ದಾರಿ, ಹಳ್ಳ, ಮರ ಎಲ್ಲಾ ಹೋಯ್ತು. ಆಗ ಮನೆ ಕಳ್ಕೊಂಡ ಒಬ್ಬ ಅಜ್ಜಿ ಪರಿಹಾರ ಕೇಂದ್ರದಲ್ಲಿ ಕೂತು, ನಮ್ಮ ಗೇಟಿಂದ ಅಡುಗೆಮನೆಗೆ ಹದಿನೇಳು ಮೆಟ್ಟಿಲು, ಒಂಬತ್ತನೇದು ಅಲ್ಲಾಡ್ತಿತ್ತು ಅಂತ ಪದೇ ಪದೇ ಹೇಳ್ತಿದ್ರು. ಆ ಮೆಟ್ಟಿಲು ಈಗ ಯಾವ ದಾಖಲೇಲೂ ಇಲ್ಲ, ಅವರ ಮಾತಲ್ಲಿ ಬಿಟ್ರೆ. ನಿಮ್ಮ ಒಲೆ, ನಿಮ್ಮ ಕಣ, ಕೆಲಸದವರ ಕಾಫಿಗೆ ನೀವು ಎಷ್ಟು ಬೆಲ್ಲ ಹಾಕ್ತೀರಿ ಅನ್ನೋದು, ಇದನ್ನ ನೀವು ಬರೀದಿದ್ರೆ ಇನ್ಯಾರೂ ಬರೆಯಲ್ಲ.

ಪ್ರಶ್ನೆ: ನಾನು ಸೋಮವಾರಪೇಟೆ ಕಡೆ ನಿವೃತ್ತ ಶಿಕ್ಷಕ. ಹದಿನೈದು ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಇಪ್ಪತ್ತಮೂರು ಕಥೆಗಳಿವೆ. ಅವನ್ನು ಬ್ಲಾಗಿಗೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮಗ ಹೇಳುತ್ತಾನೆ, ಬ್ಲಾಗ್ ಬೇಡ, ಸ್ವಂತ ವೆಬ್‌ಸೈಟೇ ಮಾಡಿಸಿ ಎಂದು. ಪೇಟೆಯಲ್ಲಿ ಒಬ್ಬರು ಮೂವತ್ತು ಸಾವಿರ ಕೇಳಿದ್ದಾರೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಕಥೆ ಎಲ್ಲೂ ಹೋಗಿಲ್ಲ, ಧೈರ್ಯವಾಗಿರಿ. ಹಳೇ ನುಡಿಯಲ್ಲಿ ಕನ್ನಡ ಅಕ್ಷರಕ್ಕೆ ಕಂಪ್ಯೂಟರಲ್ಲಿ ಸ್ವಂತ ಜಾಗ ಇರ್ಲಿಲ್ಲ, ಒಳಗೆ ಇಂಗ್ಲಿಷ್ ಅಕ್ಷರದ ಸಂಖ್ಯೇನೇ ಇರೋದು, ನುಡಿ ಫಾಂಟ್ ಅದರ ಮೇಲೆ ಕನ್ನಡದ ಚಿತ್ರ ತೋರಿಸ್ತಿತ್ತು. ಆ ಫಾಂಟ್ ಇಲ್ಲದ ಕಡೆ ಅಂಟಿಸಿದ್ರೆ ಚಿತ್ರ ಹೋಗಿ ತಲೆ ಮೇಲೆ ಗೀಟು ಟೋಪಿ ಇರೋ ಇಂಗ್ಲಿಷ್ ಅಕ್ಷರ ಕಾಣುತ್ತೆ. ಎಲ್ಲಾ ಭಾಷೆ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡೋ ಯೂನಿಕೋಡ್ ಅನ್ನೋ ಪದ್ಧತೀಲಿ ಹಾಗಲ್ಲ, 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಾನೇ ಕನ್ನಡಕ್ಕೆ ಅಂತ 128 ಜಾಗ ಮೀಸಲಿಟ್ಟಿದ್ದಾರೆ, ಎಲ್ಲಿ ತೆರೆದ್ರೂ ಕ ಅಂದ್ರೆ ಕ. ನಿಮ್ಮ ಫೈಲನ್ನ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್ ನುಡಿ ಜೊತೆಗೇ ಸಿಗುತ್ತೆ, "ಬರಹ" ಅನ್ನೋ ತಂತ್ರಾಂಶದಲ್ಲೂ ಇದೆ.

ಮೂಲ ಫೈಲನ್ನ ಮುಟ್ಟಬೇಡಿ, ಕಾಪಿ ಮಾಡ್ಕೊಂಡು ಅದನ್ನ ಬದಲಾಯಿಸಿ, ಆಮೇಲೆ ಒಂದೊಂದು ಕಥೇನೂ ಕೂತು ಓದಿ, ಯಾಕಂದ್ರೆ ಅರ್ಕಾವೊತ್ತು, ಒತ್ತಕ್ಷರ, ಮಧ್ಯೆ ಬಂದಿರೋ ಇಂಗ್ಲಿಷ್ ಪದ, ಅಂಕಿ ಇಂಥ ಕಡೆ ತಪ್ಪು ಉಳಿದಿರುತ್ತೆ. ನಾನು ಹೀಗೇ ಬದಲಾಯಿಸಿದ ಒಂದು ಲೇಖನದಲ್ಲಿ ಅರ್ಕಾವೊತ್ತೆಲ್ಲ ಪಕ್ಕದ ಅಕ್ಷರಕ್ಕೆ ಹಾರಿ ಕೂತಿತ್ತು, ಒಂದೊಂದೇ ಹುಡುಕಿ ತಿದ್ದೋಕೆ ಎರಡು ಸಂಜೆ ಬೇಕಾಯ್ತು.

ಇನ್ನು ಮೂವತ್ತು ಸಾವಿರ ಖಂಡಿತ ಕೊಡಬೇಡಿ. ಓಡೋ ಫೋಟೋ, ಮಿನುಗೋ ಹೆಡ್ಡಿಂಗು, ಪಾಪ್ ಆಗಿ ಬರೋ ಕಿಟಕಿ, ಕಥೆ ಓದೋರಿಗೆ ಇದ್ಯಾವ್ದೂ ಬೇಡ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್ ಲೀ 1991ರಲ್ಲಿ ಜಗತ್ತಿನ ಮುಂದಿಟ್ಟ ಮೊದಲನೇ ವೆಬ್‌ಸೈಟಲ್ಲಿ ಅಕ್ಷರ ಮತ್ತು ಲಿಂಕು ಬಿಟ್ರೆ ಏನಿರ್ಲಿಲ್ಲ, ಅದರ ಹಳೇ ಪ್ರತಿ ಇವತ್ತಿನ ಫೋನಲ್ಲೂ ತೆರೆಯುತ್ತೆ. ಬ್ಲಾಗರ್ ಅಥವಾ ವರ್ಡ್‌ಪ್ರೆಸ್‌ನ ಉಚಿತ ಜಾಗದಲ್ಲಿ ಶುರು ಮಾಡಿ, ಇಪ್ಪತ್ತಮೂರೂ ಹಾಕಿ ಮುಗಿದ ಮೇಲೆ ಬೇಕು ಅನ್ಸಿದ್ರೆ ಸೈಟಿಗೆ ಸ್ವಂತ ಹೆಸರು, ಅಂದ್ರೆ ಡೊಮೇನ್, ತಗೊಳ್ಳಿ, ಸಾಮಾನ್ಯ ಹೆಸರಾದ್ರೆ ವರ್ಷಕ್ಕೆ ಸಾವಿರದ ಆಸುಪಾಸಲ್ಲಿ ಸಿಗುತ್ತೆ. ಆದ್ರೆ ಆ ಡೊಮೇನ್ ನಿಮ್ಮ ಇಮೇಲಲ್ಲಿ ನಿಮ್ಮ ಹೆಸರಲ್ಲೇ ಇರ್ಬೇಕು, ಮಾಡಿಕೊಟ್ಟವರ ಹೆಸರಲ್ಲಿ ಇರಬಾರದು. ಜಮೀನಿನ ಆರ್‌ಟಿಸೀಲಿ, ಅಂದ್ರೆ ಪಹಣೀಲಿ, ಹೆಸರು ಇಲ್ಲದೆ ಇದ್ರೆ ಏನು ಪಾಡು ಅಂತ ಕೊಡಗಿನವರಿಗೆ ನಾನು ಹೇಳ್ಬೇಕಾ! ಇದೂ ಹಾಗೇ.

ಅಕ್ಷರದ ಅಳತೆ ಸ್ವಲ್ಪ ದೊಡ್ಡದಿಡಿ, ಸಾಲಿನ ಮಧ್ಯದ ಅಂತರ ಇಂಗ್ಲಿಷಿಗಿಂತ ಜಾಸ್ತಿ ಕೊಡಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತೆ, ನಿಮ್ಮ ವಯಸ್ಸಿನ ಓದುಗರಿಗೆ ಕಣ್ಣು ನೋವು.

ಇನ್ನೊಂದು. ನಾನು ಆರು ವರ್ಷ ಬರೆದ ಒಂದು ಉಚಿತ ತಾಣ ಬಾಗಿಲು ಹಾಕ್ತು, ತಿಂಗಳು ಮೊದಲೇ ಇಮೇಲ್ ಕಳಿಸಿದ್ರಂತೆ, ನಾನು ಆ ಇಮೇಲ್ ತೆರೆದೇ ಇರ್ಲಿಲ್ಲ, ನಮ್ಮಮ್ಮನ ಕೊನೇ ವರ್ಷದ ಬಗ್ಗೆ ಬರೆದಿದ್ದೆಲ್ಲಾ ಹೋಯ್ತು. ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೇಲಿ ಸಂಕಟ ಆಗುತ್ತೆ. ಬ್ಲಾಗರಲ್ಲಿ ಸೆಟ್ಟಿಂಗ್ಸಲ್ಲಿ ಬ್ಯಾಕಪ್ ಅಂತ ಇದೆ, ವರ್ಡ್‌ಪ್ರೆಸ್ಸಲ್ಲಿ ಎಕ್ಸ್‌ಪೋರ್ಟ್ ಅಂತ, ತಿಂಗಳಿಗೊಂದ್ಸಲ ಒತ್ತಿ ಆ ಫೈಲನ್ನ ಪೆನ್‌ಡ್ರೈವಿಗೆ ಹಾಕಿ ಮಗನ ಮನೇಲಿ ಇಡಿ, ನಿಮ್ಮನೇಲಿ ಬೇಡ.

ಪ್ರಶ್ನೆ: ಅಕ್ಕಾ, ನಾನು ಗೋಣಿಕೊಪ್ಪದಲ್ಲಿ ಡಿಗ್ರಿ ಓದ್ತಿದ್ದೀನಿ. ಅಜ್ಜಿ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡೋದರ ಬಗ್ಗೆ ಬರೆದೆ, ಜೊತೆಗೆ ತೋಟ ಪಾಲಾದಾಗ ಮನೇಲಿ ಆದ ಜಗಳಾನೂ ಬಂತು. ಚಿಕ್ಕಪ್ಪ ಓದಿ ಮಾತು ಬಿಟ್ಟಿದ್ದಾರೆ. ಪೂರ್ತಿ ತೆಗೆದುಬಿಡ್ಲಾ? ಮತ್ತೆ ಕೊಡವ ಪದ ಬಂದ್ರೆ ಕನ್ನಡ ಮಾಡ್ಬೇಕಾ?

ಉತ್ತರ: ಜಗಳದ ಭಾಗ ತೆಗೆದುಬಿಡು ತಂಗಿ. ಅದು ನಿನಗೆ ಆಗಿದ್ದಷ್ಟೇ ಅಲ್ಲ, ಚಿಕ್ಕಪ್ಪನಿಗೂ ಆಗಿದ್ದು, ಅವರ ಪಾಲಿನ ಕಥೆ ಹೇಳೋಕೆ ಅವರಿಗೆ ನಿನ್ನ ಥರ ಜಾಗ ಇಲ್ಲ. ಬೇಕಿದ್ರೆ ಡೈರೀಲಿ ಇರ್ಲಿ, ಅಲ್ಲಿ ಎಲ್ಲಾನೂ ಬರಿ. ಹೋಗಿ ಮನೇಲಿ ಅವರ ಎದುರು ಕೂತು ತೆಗೆದಿದ್ದೀನಿ ಅಂತ ಹೇಳು, ಮೆಸೇಜ್ ಕಳಿಸ್ಬೇಡ. ಪಾಯಸದ ಭಾಗ ಮಾತ್ರ ಮುಟ್ಟಬೇಡ. ಮನೆ ಫೋಟೋ ಹಾಕೋ ಮುಂಚೆ ಫೋನ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡ್ಕೋ, ಇಲ್ಲಾಂದ್ರೆ ಮನೆ ಎಲ್ಲಿದೆ ಅನ್ನೋದೂ ಫೋಟೋ ಒಳಗೆ ಕೂತು ಹೋಗಿರುತ್ತೆ.

ಕೊಡವ ಪದ ಹಾಗೇ ಇರ್ಲಿ, ಕನ್ನಡ ಲಿಪೀಲೇ ಬರೆದ್ರಾಯ್ತು. ಕಕ್ಕಡ ಅಂದ್ರೆ ಏನು ಅಂತ ಪಕ್ಕದಲ್ಲಿ ಅರ್ಥ ಕೊಡೋಕೆ ಹೋಗ್ಬೇಡ, ನಾಟಿ ನಡೀತಿತ್ತು, ಗದ್ದೇಲಿ ಮೊಣಕಾಲು ತನಕ ಕೆಸರು, ಅಜ್ಜಿ ಸೊಪ್ಪು ಕೊಯ್ಕೊಂಡು ಬಂದ್ರು ಅಂದ್ರೆ ಓದೋರಿಗೆ ತಿಂಗಳು ಗೊತ್ತಾಗುತ್ತೆ.

ಒಂದು ಮಾತ್ರ ನೀನು ಬರೆದಿದ್ರಲ್ಲಿ ಸಿಗ್ಲಿಲ್ಲ. ಹಸಿರು ಸೊಪ್ಪು ಬೇಯೋಕೆ ಇಟ್ಟರೆ ನೀರು ನೇರಳೆ ಆಗುತ್ತಲ್ಲ, ಯಾವ ಹೊತ್ತಿಗೆ ಬಣ್ಣ ತಿರುಗುತ್ತೆ, ಸಾಕು ಇಳಿಸಬಹುದು ಅಂತ ಅಜ್ಜಿಗೆ ಹೇಗೆ ಗೊತ್ತಾಗುತ್ತೆ? ಈ ಸಲ ಕಕ್ಕಡ ಹದಿನೆಂಟಕ್ಕೆ ಒಲೆ ಪಕ್ಕ ನಿಂತು ನೋಡ್ಕೊಂಡು, ಅಜ್ಜಿ ಹೇಳಿದ ಮಾತಲ್ಲೇ ಬರೆದು ನನಗೂ ಕಳಿಸು.